ಸಣ್ಣ ಉದ್ಯಮಗಳಲ್ಲಿ ವೇತನ ಬಟವಾಡೆ ತಂತ್ರಾಂಶದ ಆಯ್ಕೆ: ಬೆಲೆಗಿಂತ ಮೊದಲು ಪರಿಶೀಲಿಸಬೇಕಾದ ಅಂಶಗಳು

ಗ್ರಾಮೀಣ ಪ್ರದೇಶದ ಗೇರುಬೀಜ ಸಂಸ್ಕರಣಾ ಘಟಕಗಳು, ಅಕ್ಕಿ ಗಿರಣಿಗಳು, ಹೊಲಿಗೆ ಘಟಕಗಳು ಹಾಗೂ ಸಂಜೀವಿನಿ ಒಕ್ಕೂಟಗಳ ಆಶ್ರಯದಲ್ಲಿ ನಡೆಯುವ ಆಹಾರ ತಯಾರಿಕಾ ಘಟಕಗಳಲ್ಲಿ ವೇತನದ ಲೆಕ್ಕವನ್ನು ಹಾಜರಿ ಪುಸ್ತಕ ಮತ್ತು ಕ್ಯಾಲ್ಕುಲೇಟರ್ ನೆರವಿನಿಂದ ಮಾಡುವುದು ಸಾಮಾನ್ಯ. ಕಾರ್ಮಿಕರ ಸಂಖ್ಯೆ ಹತ್ತನ್ನು ದಾಟಿದೊಡನೆ ಈ ಲೆಕ್ಕ ಕಠಿಣವಾಗುತ್ತದೆ. ಆಗ ಉಚಿತ ಅಥವಾ ಕಡಿಮೆ ವೆಚ್ಚದ ತಂತ್ರಾಂಶದ ಅಗತ್ಯ ಕಂಡುಬರುತ್ತದೆ. ಇಂತಹ ತಂತ್ರಾಂಶವನ್ನು ಆರಿಸುವಾಗ ಬೆಲೆಯೊಂದನ್ನೇ ನೋಡಿದರೆ ಆಗುವ ನಷ್ಟ ಉದ್ಯಮಿಗೆ ಸೀಮಿತವಾಗಿರುವುದಿಲ್ಲ. ಅದು ಕಾರ್ಮಿಕರ ಚಿಕಿತ್ಸೆ, ಪಿಂಚಣಿ ಮತ್ತು ಉಳಿತಾಯಕ್ಕೂ ತಟ್ಟುತ್ತದೆ.

1. ತಪ್ಪು ಲೆಕ್ಕದ ಪರಿಣಾಮ

ಕಾರ್ಮಿಕರ ರಾಜ್ಯ ವಿಮಾ ಯೋಜನೆಯಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ಹಾಗೂ ಅಕ್ಟೋಬರ್‌ನಿಂದ ಮಾರ್ಚ್ ಎಂಬ ಎರಡು ವಂತಿಗೆ ಅವಧಿಗಳಿವೆ. ಕಾಯಿಲೆಯ ಕಾಲದಲ್ಲಿ ದೊರೆಯುವ ನಗದು ಪರಿಹಾರಕ್ಕೆ ಅರ್ಹರಾಗಲು ಸಂಬಂಧಪಟ್ಟ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ದಾಖಲಾಗಿರಬೇಕು. ಅರ್ಹರಾದವರಿಗೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಮೊತ್ತ, ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ದೊರೆಯುತ್ತದೆ. ಹಂಗಾಮಿನಲ್ಲಿ ಮಾತ್ರ ಕೆಲಸ ಮಾಡುವ ಮಹಿಳೆಯೊಬ್ಬರಿಗೆ ವೇತನ ಸಹಿತ ರಜೆಯೂ ಸೇರಿ 80 ದಿನಗಳ ವೇತನ ಸಂದಿದೆ ಎಂದು ಭಾವಿಸೋಣ. ತಂತ್ರಾಂಶವು ಆ ರಜಾದಿನಗಳನ್ನು ಎಣಿಸದೆ 75 ದಿನಗಳೆಂದು ತೋರಿಸಿದರೆ, ಮುಂದೆ ಆಕೆ ಕಾಯಿಲೆ ಬಿದ್ದಾಗ ಪರಿಹಾರ ಕೈತಪ್ಪುತ್ತದೆ. ಐದು ದಿನಗಳ ಈ ವ್ಯತ್ಯಾಸ ಆಕೆಗೆ ಗೊತ್ತಾಗುವುದು ಅರ್ಜಿ ತಿರಸ್ಕೃತವಾದ ಮೇಲೆಯೇ.

ಭವಿಷ್ಯ ನಿಧಿಯ ಮಾಸಿಕ ವಿವರಪಟ್ಟಿಯಲ್ಲಿಯೂ ವಂತಿಗೆ ಇಲ್ಲದ ದಿನಗಳನ್ನು ನಮೂದಿಸುವ ಅಂಕಣವಿದೆ. ಅಲ್ಲಿ ತಪ್ಪಾದರೆ ಪಿಂಚಣಿಗೆ ಪರಿಗಣಿಸುವ ಸೇವಾವಧಿಯೇ ಕಡಿಮೆಯಾಗಬಹುದು. ತಂತ್ರಾಂಶ ಯಾರದೇ ಆಗಿರಲಿ, ಲೆಕ್ಕ ಬರೆಯುವವರು ಯಾರೇ ಆಗಿರಲಿ, ಕಾನೂನಿನ ಮುಂದೆ ಹೊಣೆ ಮಾಲೀಕರದೇ ಆಗಿರುತ್ತದೆ.

2. ಮೊದಲು ಘಟಕದ ಅಗತ್ಯವನ್ನು ಗುರುತಿಸುವುದು

ಐದಾರು ಮಂದಿ ಮಾತ್ರ ದುಡಿಯುವ, ವಿಮೆ ಹಾಗೂ ಭವಿಷ್ಯ ನಿಧಿ ಅನ್ವಯವಾಗದ ಘಟಕಕ್ಕೆ ಪ್ರತ್ಯೇಕ ತಂತ್ರಾಂಶ ಬೇಕಾಗಿಲ್ಲ. ಸರಿಯಾಗಿ ಬರೆದ ಹಾಜರಿ ಪುಸ್ತಕ, ವೇತನ ವಹಿ ಮತ್ತು ವೇತನ ಚೀಟಿ ಸಾಕು. ಮುಂದಿನ ಮಿತಿಗಳನ್ನು ಗಮನಿಸಿ ಅಗತ್ಯವನ್ನು ನಿರ್ಧರಿಸಬೇಕು.

• 10 ಅಥವಾ ಹೆಚ್ಚು ಮಂದಿ ಇದ್ದಲ್ಲಿ ಕಾರ್ಮಿಕರ ರಾಜ್ಯ ವಿಮೆ ಅನ್ವಯಿಸುತ್ತದೆ. ವೇತನ ಮಿತಿ ತಿಂಗಳಿಗೆ ₹21,000. ಕಾರ್ಮಿಕರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25.
• 20 ಅಥವಾ ಹೆಚ್ಚು ಮಂದಿ ಇದ್ದಲ್ಲಿ ಭವಿಷ್ಯ ನಿಧಿ ಅನ್ವಯಿಸುತ್ತದೆ. ಎರಡೂ ಕಡೆಯಿಂದ ತಲಾ ಶೇ. 12. ಮಾಲೀಕರ ಪಾಲಿನಲ್ಲಿ ಶೇ. 8.33 ಪಿಂಚಣಿಗೆ ಹೋಗುತ್ತದೆ. ಇದಕ್ಕೆ ₹15,000 ವೇತನದ ಮಿತಿಯಿದೆ.
• ತಿಂಗಳ ವೇತನ ₹25,000 ಅಥವಾ ಹೆಚ್ಚಿದ್ದರೆ ರಾಜ್ಯದ ವೃತ್ತಿ ತೆರಿಗೆ ಕಡಿತ ಮಾಡಬೇಕು.

ಗುತ್ತಿಗೆದಾರರ ಮೂಲಕ ಬಂದ ಕಾರ್ಮಿಕರನ್ನೂ ಈ ಎಣಿಕೆಯಲ್ಲಿ ಸೇರಿಸಬೇಕು. ವಿಮೆ ಮತ್ತು ಭವಿಷ್ಯ ನಿಧಿಗಳಿಗೆ ಒಮ್ಮೆ ಒಳಪಟ್ಟ ಘಟಕದಲ್ಲಿ ಮುಂದೆ ಸಂಖ್ಯೆ ಇಳಿದರೂ ಅನ್ವಯ ತಾನಾಗಿ ತಪ್ಪುವುದಿಲ್ಲ. ವಿಮೆ ಮತ್ತು ಭವಿಷ್ಯ ನಿಧಿಯ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಪಾವತಿಸಬೇಕು.

3. ದೊರೆಯುವ ತಂತ್ರಾಂಶಗಳ ಬಗೆಗಳು

ಮುಂದೆ ಹೆಸರಿಸಿರುವ ತಂತ್ರಾಂಶಗಳು ಉದಾಹರಣೆಗಳು ಮಾತ್ರ, ಶಿಫಾರಸುಗಳಲ್ಲ.

ಮೊದಲನೆಯದು ಲಿಬ್ರೆ ಆಫೀಸ್ ಕ್ಯಾಲ್ಕ್‌ನಂತಹ ಉಚಿತ ಲೆಕ್ಕಹಾಳೆ. ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ, ಹಣ ತೆರಬೇಕಾಗಿಲ್ಲ. ಆದರೆ ಸೂತ್ರಗಳನ್ನು ಬಲ್ಲವರೊಬ್ಬರು ಬೇಕು. ಆ ವ್ಯಕ್ತಿ ಕೆಲಸ ಬಿಟ್ಟರೆ ಹಾಳೆಯನ್ನು ತಿದ್ದುವವರಿಲ್ಲದಂತಾಗುತ್ತದೆ.

ಎರಡನೆಯದು ಫ್ರಾಪ್ಪೆ ಎಚ್‌ಆರ್‌ನಂತಹ ಮುಕ್ತ ತಂತ್ರಾಂಶ. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಆದರೆ ಅದನ್ನು ಸ್ಥಾಪಿಸಲು, ನಿಯಮಗಳನ್ನು ಅಳವಡಿಸಲು ಮತ್ತು ಸರ್ವರ್ ನಡೆಸಲು ತಜ್ಞರ ನೆರವು ಬೇಕು. ಒಂದೇ ಘಟಕಕ್ಕೆ ಇದು ಹೊರೆಯಾದರೂ ಹಲವು ಘಟಕಗಳು ಕೂಡಿ ಬಳಸುವುದಾದರೆ ಪರಿಗಣಿಸಬಹುದು.

ಮೂರನೆಯದು ಲೆಕ್ಕಪತ್ರ ತಂತ್ರಾಂಶದಲ್ಲಿಯೇ ಇರುವ ವೇತನ ವಿಭಾಗ. ಟ್ಯಾಲಿ ಪ್ರೈಮ್ ಬಳಸುವ ಘಟಕಗಳು ಹೊಸದನ್ನು ಕೊಳ್ಳುವ ಮುನ್ನ ಅದರಲ್ಲಿರುವ ಸೌಲಭ್ಯವನ್ನು ಪರಿಶೀಲಿಸುವುದು ಉಚಿತ.

ನಾಲ್ಕನೆಯದು ಅಂತರ್ಜಾಲದ ಮೂಲಕ ಒದಗುವ ಸೇವೆ. ಇಂತಹ ಕೆಲವು ಸೇವೆಗಳು ನಿಗದಿತ ಸಂಖ್ಯೆಯ ಕಾರ್ಮಿಕರವರೆಗೆ ಉಚಿತವಾಗಿದ್ದು, ನಂತರ ಪ್ರತಿ ಕಾರ್ಮಿಕರಿಗೆ ಇಷ್ಟೆಂದು ಶುಲ್ಕ ವಿಧಿಸುತ್ತವೆ. ಇಲ್ಲಿ ವರ್ಷದ ಲೆಕ್ಕವನ್ನೇ ಹಾಕಬೇಕು. ತಲಾ ₹50 ಎಂದಿಟ್ಟುಕೊಂಡರೆ 22 ಮಂದಿಗೆ ವರ್ಷಕ್ಕೆ ₹13,200. ಶೇ. 18ರ ಸರಕು ಮತ್ತು ಸೇವಾ ತೆರಿಗೆ ₹2,376 ಸೇರಿ ಒಟ್ಟು ₹15,576. ತೆರಿಗೆಗೆ ನೋಂದಾಯಿಸದ ಘಟಕಗಳು ಮತ್ತು ರಾಜಿ ತೆರಿಗೆ ಯೋಜನೆಯಲ್ಲಿರುವ ಘಟಕಗಳು ಆ ತೆರಿಗೆಯನ್ನು ಹಿಂಪಡೆಯಲಾರವು.

4. ಐದು ಪರೀಕ್ಷೆಗಳು

ಮಾರಾಟ ಪ್ರತಿನಿಧಿಯ ವಿವರಣೆಗಿಂತ ಪ್ರಾಯೋಗಿಕ ಪರೀಕ್ಷೆ ಹೆಚ್ಚು ವಿಶ್ವಾಸಾರ್ಹ. ತಂತ್ರಾಂಶದ ಪ್ರಾಯೋಗಿಕ ಆವೃತ್ತಿಯಲ್ಲಿ ಈ ಕೆಳಗಿನ ಲೆಕ್ಕಗಳನ್ನು ನಮೂದಿಸಿ ಉತ್ತರವನ್ನು ಹೋಲಿಸಬೇಕು.

(ಅ) ₹14,600 ವೇತನದ ಮೇಲೆ ಕಾರ್ಮಿಕರ ವಿಮಾ ವಂತಿಗೆ ₹109.50. ಅದನ್ನು ಮುಂದಿನ ರೂಪಾಯಿಗೆ ಏರಿಸಿ ₹110 ಎಂದು ತೋರಿಸಬೇಕು. ಇಡೀ ಮೊತ್ತ ಮೂಲ ವೇತನ ಮತ್ತು ತುಟ್ಟಿಭತ್ಯೆಯೇ ಆಗಿದ್ದರೆ ಭವಿಷ್ಯ ನಿಧಿಗೆ ಕಾರ್ಮಿಕರ ಪಾಲು ₹1,752. ಮಾಲೀಕರ ಪಾಲು ಪಿಂಚಣಿಗೆ ₹1,216 ಮತ್ತು ನಿಧಿಗೆ ₹536 ಎಂದು ಹಂಚಿಕೆಯಾಗಬೇಕು.

(ಆ) ಏಪ್ರಿಲ್‌ನಲ್ಲಿ ₹20,500 ಪಡೆಯುತ್ತಿದ್ದವರ ವೇತನ ಜುಲೈನಲ್ಲಿ ₹21,800ಕ್ಕೆ ಏರಿದರೆ, ವಿಮಾ ವಂತಿಗೆ ಸೆಪ್ಟೆಂಬರ್ ಅಂತ್ಯದವರೆಗೆ ಮುಂದುವರಿಯಬೇಕು. ಜುಲೈನ ಕಡಿತ ₹164. ಮಿತಿ ದಾಟಿದ ತಿಂಗಳಲ್ಲೇ ವಂತಿಗೆಯನ್ನು ನಿಲ್ಲಿಸುವ ತಂತ್ರಾಂಶ ಬಳಕೆಗೆ ಯೋಗ್ಯವಲ್ಲ.

(ಇ) ₹26,000 ವೇತನಕ್ಕೆ ವೃತ್ತಿ ತೆರಿಗೆ ಜನವರಿಯಲ್ಲಿ ₹200, ಫೆಬ್ರುವರಿಯಲ್ಲಿ ₹300, ಮಾರ್ಚ್‌ನಲ್ಲಿ ಮತ್ತೆ ₹200 ಆಗಬೇಕು. 2025ರ ಏಪ್ರಿಲ್‌ನಿಂದ ಜಾರಿಯಾದ ಈ ಬದಲಾವಣೆಯನ್ನು ತೋರಿಸದಿದ್ದರೆ, ಕರ್ನಾಟಕದ ನಿಯಮಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಿಲ್ಲವೆಂದು ತಿಳಿಯಬೇಕು.

(ಈ) ಒಟ್ಟು ಸಂಭಾವನೆ ₹18,000. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ₹7,000, ಇತರ ಭತ್ಯೆಗಳು ₹11,000 ಎಂದಿರಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ವ್ಯಾಖ್ಯೆಯಂತೆ, ಹೊರತುಪಡಿಸಬಹುದಾದ ಭತ್ಯೆಗಳು ಒಟ್ಟಿನ ಅರ್ಧವನ್ನು ಮೀರಿದರೆ ಮೀರಿದ ಭಾಗ ವೇತನಕ್ಕೆ ಸೇರುತ್ತದೆ. ಇಲ್ಲಿ ₹2,000 ಸೇರಿ ವೇತನ ₹9,000 ಆಗಬೇಕು.

(ಉ) ಸುಲಿದ ಬೀಜದ ತೂಕದ ಮೇಲೆ ಅಥವಾ ಹೊಲಿದ ಬಟ್ಟೆಯ ಎಣಿಕೆಯ ಮೇಲೆ ಕೂಲಿ ಕೊಡುವ ಘಟಕಗಳು, ಒಂದು ವಾರದ ನಿಜವಾದ ತೂಕ ಅಥವಾ ಎಣಿಕೆಯನ್ನು ನಮೂದಿಸಿ ನೋಡಬೇಕು. ತಿಂಗಳ ಸಂಬಳಕ್ಕೆಂದೇ ರೂಪಿಸಿದ ಹಲವು ತಂತ್ರಾಂಶಗಳು ಇಲ್ಲಿ ಸೋಲುತ್ತವೆ. ಬಂದ ಮೊತ್ತ ಕನಿಷ್ಠ ವೇತನಕ್ಕಿಂತ ಕಡಿಮೆಯಿದ್ದರೆ ಎಚ್ಚರಿಸುವ ವ್ಯವಸ್ಥೆಯೂ, ಹೆಚ್ಚುವರಿ ಕೆಲಸದ ಅವಧಿಗೆ ದುಪ್ಪಟ್ಟು ದರ ಕಟ್ಟುವ ಸೌಲಭ್ಯವೂ ಇರಬೇಕು.

5. ದತ್ತಾಂಶ, ಭಾಷೆ ಮತ್ತು ಗೋಪ್ಯತೆ

ಸೇವೆಯನ್ನು ನಿಲ್ಲಿಸುವ ದಿನ ಹಿಂದಿನ ಎಲ್ಲ ದಾಖಲೆಗಳನ್ನು ಎಕ್ಸೆಲ್ ಅಥವಾ ಸಿಎಸ್‌ವಿ ಕಡತವಾಗಿ ಪಡೆಯಲು ಸಾಧ್ಯವೇ ಎಂಬುದನ್ನು ಸೇರುವ ದಿನವೇ ಪರೀಕ್ಷಿಸಬೇಕು. ಉಚಿತ ಆವೃತ್ತಿಯಲ್ಲಿ ಈ ಸೌಲಭ್ಯ ಇಲ್ಲದಿದ್ದರೆ, ಮುಂದೆ ಶುಲ್ಕ ಎಷ್ಟೇ ಏರಿದರೂ ತೆರಬೇಕಾದ ಸ್ಥಿತಿ ಬರುತ್ತದೆ. ಭವಿಷ್ಯ ನಿಧಿಯ ಜಾಲತಾಣ ಸ್ವೀಕರಿಸುವ ಮಾಸಿಕ ವಿವರಪಟ್ಟಿ ಕಡತವನ್ನು ತಂತ್ರಾಂಶವೇ ಸಿದ್ಧಪಡಿಸಿದರೆ ಮರುನಮೂದಿನ ತಪ್ಪುಗಳು ತಪ್ಪುತ್ತವೆ.

ವೇತನ ಚೀಟಿ ಕನ್ನಡದಲ್ಲಿದ್ದರೆ ಕಾರ್ಮಿಕರೇ ದಿನಗಳನ್ನೂ ಕಡಿತಗಳನ್ನೂ ಪರಿಶೀಲಿಸಬಹುದು. ತಪ್ಪನ್ನು ಬೇಗ ಹಿಡಿಯಲು ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಇದಕ್ಕಾಗಿ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಬೆಂಬಲಿಸಬೇಕು; ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಹೆಸರುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಹೆಸರು ಮತ್ತು ಜನ್ಮದಿನಾಂಕ ಆಧಾರ್‌ನಲ್ಲಿರುವಂತೆಯೇ ಇರಬೇಕು. ಇಲ್ಲವಾದರೆ ಭವಿಷ್ಯ ನಿಧಿಯ ಹಣ ಪಡೆಯುವಾಗ ತೊಡಕಾಗುತ್ತದೆ.

ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರಗಳು ಕಾರ್ಮಿಕರ ಖಾಸಗಿ ಮಾಹಿತಿ. ಅದನ್ನು ಕಾಪಾಡುವ ಹೊಣೆಗಾರಿಕೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸ್ಪಷ್ಟಪಡಿಸಿದೆ. ಎಲ್ಲರ ವೇತನ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಕಳುಹಿಸುವುದು, ಒಂದೇ ಪಾಸ್‌ವರ್ಡನ್ನು ಹಲವರು ಬಳಸುವುದು ಸಲ್ಲದು.

6. ಬದಲಾವಣೆಯ ಕ್ರಮ

ಹೊಸ ತಂತ್ರಾಂಶಕ್ಕೆ ಏಪ್ರಿಲ್ ತಿಂಗಳು ಸೂಕ್ತ ಕಾಲ. ಆರ್ಥಿಕ ವರ್ಷ ಮತ್ತು ವಿಮೆಯ ವಂತಿಗೆ ಅವಧಿ ಎರಡೂ ಆಗ ಆರಂಭವಾಗುತ್ತವೆ. ತುಟ್ಟಿಭತ್ಯೆಯ ಬದಲಾವಣೆಯಿಂದ ಕನಿಷ್ಠ ವೇತನದ ದರಗಳೂ ಆಗಲೇ ಪರಿಷ್ಕರಣೆಯಾಗುತ್ತವೆ. ಅದಕ್ಕೆ ಮುಂಚಿನ ಫೆಬ್ರುವರಿ ಮತ್ತು ಮಾರ್ಚ್ ತಿಂಗಳ ಬಟವಾಡೆಯನ್ನು ಹಳೆಯ ವಹಿಯಲ್ಲಿಯೂ ಹೊಸ ತಂತ್ರಾಂಶದಲ್ಲಿಯೂ ಮಾಡಿ, ಪ್ರತಿಯೊಬ್ಬರ ಕೈಗೆ ಬರುವ ಮೊತ್ತ ಮತ್ತು ದಿನಗಳ ಸಂಖ್ಯೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ತಾಳೆಯಾಗದಿದ್ದಲ್ಲಿ ಕಾರಣ ತಿಳಿಯುವವರೆಗೆ ಹಳೆಯ ಪದ್ಧತಿಯನ್ನು ಬಿಡಬಾರದು. ಮಾಸಿಕ ವೇತನವನ್ನು ಮುಂದಿನ ತಿಂಗಳ ಏಳನೆಯ ದಿನದೊಳಗೆ, ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕಾಗಿರುವುದರಿಂದ, ತಿಂಗಳ ಮಧ್ಯದಲ್ಲಿ ಒಬ್ಬರದೇ ಲೆಕ್ಕ ಮುಗಿಸುವ ಸೌಲಭ್ಯವನ್ನೂ ಪ್ರಯೋಗಿಸಿ ನೋಡಬೇಕು.

ಅಂತರ್ಜಾಲ ಸಂಪರ್ಕ ಆಗಾಗ ಕಡಿತಗೊಳ್ಳುವ ಗ್ರಾಮಗಳಲ್ಲಿ ಪ್ರತಿ ತಿಂಗಳ ವೇತನ ವಹಿಯನ್ನು ಮುದ್ರಿಸಿ, ಸಹಿ ಪಡೆದು, ಕಡತದಲ್ಲಿ ಇರಿಸುವುದು ಕ್ಷೇಮ. ದರ ಮತ್ತು ಮಿತಿಗಳು ಬದಲಾಗುತ್ತಿರುವುದರಿಂದ, ವರ್ಷಕ್ಕೊಮ್ಮೆ ಕಾರ್ಮಿಕ ಇಲಾಖೆ, ಭವಿಷ್ಯ ನಿಧಿ ಕಚೇರಿ ಹಾಗೂ ಕಾರ್ಮಿಕರ ರಾಜ್ಯ ವಿಮಾ ನಿಗಮದ ಶಾಖೆಯ ಪ್ರಕಟಣೆಗಳೊಂದಿಗೆ ತಂತ್ರಾಂಶದ ಲೆಕ್ಕವನ್ನು ತಾಳೆ ನೋಡಬೇಕು. ಸ್ವಸಹಾಯ ಗುಂಪುಗಳ ಘಟಕಗಳು ತಮ್ಮ ಒಕ್ಕೂಟದ ಸಭೆಯಲ್ಲಿ ಮೇಲಿನ ಐದು ಪರೀಕ್ಷೆಗಳ ಫಲಿತಾಂಶವನ್ನು ಮಂಡಿಸಿ, ಚರ್ಚಿಸಿದ ನಂತರವೇ ಆಯ್ಕೆಯನ್ನು ನಿರ್ಣಯಿಸುವುದು ಸೂಕ್ತ.