ಕಾಡಿನ ಚಿಕಿತ್ಸೆ ಮತ್ತು ನಮ್ಮ ಮಕ್ಕಳು



ಹಟಮಾರಿ ಮಕ್ಕಳನ್ನು ವಾರಗಟ್ಟಲೆ ಕಾಡು, ಮರುಭೂಮಿಗಳಲ್ಲಿ ನಡೆಸಿ ತಿದ್ದುವ ‘ವಿಲ್ಡರ್‌ನೆಸ್ ಥೆರಪಿ’ಯ ಚರ್ಚೆ ನಮ್ಮ ನೆರೆಯದೇ. ರೆಡ್‌ವುಡ್ ಸಿಟಿಯಿಂದ ಕೊಲ್ಲಿಯಾಚೆಗಿರುವ ಪ್ಲೆಸೆಂಟನ್ನಿನ ಹದಿನೈದು ವರ್ಷದ ಬಾಲಕಿಯೊಬ್ಬಳು 1990ರಲ್ಲಿ ಇಂತಹ ಶಿಬಿರಕ್ಕೆ ಹೋಗಿ, ಅರಿಜೋನಾದ ಬಿಸಿಲಿನಲ್ಲಿ ದೇಹದ ನೀರು ಬತ್ತಿ ಅಸುನೀಗಿದಳು.

ಮಾದಕವಸ್ತು ಮತ್ತು ಕೆಟ್ಟ ಸಹವಾಸದಿಂದ ದೂರವಾಗಿ, ನಡಿಗೆಯ ಶ್ರಮದಲ್ಲಿ ಮಗು ತನ್ನನ್ನು ತಾನು ಕಂಡುಕೊಳ್ಳುವುದೆಂಬುದು ಸಮರ್ಥಕರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ದೋಷವಿರುವುದು ಕಾಡಿನಲ್ಲಲ್ಲ. ಅಮೆರಿಕದ ಸಂಸತ್ತಿನ ತನಿಖಾಂಗವಾದ ಜಿ.ಎ.ಓ. ಇಂತಹ ಶಿಬಿರ, ವಸತಿಕೇಂದ್ರಗಳಲ್ಲಿ ಸಂಭವಿಸಿದ 10 ಸಾವುಗಳನ್ನು 2007ರಲ್ಲಿ ಪರಿಶೀಲಿಸಿತು. ಮಕ್ಕಳ ನರಳಾಟವನ್ನು ಸಿಬ್ಬಂದಿ ನಟನೆಯೆಂದು ಬಗೆದ ಪ್ರಸಂಗಗಳು ಅದರ ವರದಿಯಲ್ಲಿವೆ. ಶ್ರೀರಾಮನು ವನವಾಸಕ್ಕೆ ತಾನೇ ಒಪ್ಪಿ ಹೊರಟನು, ಜೊತೆಗೆ ತನ್ನವರಿದ್ದರು. ಇಲ್ಲಿಯ ಎಷ್ಟೋ ಮಕ್ಕಳನ್ನು ನಡುರಾತ್ರಿ ಎಬ್ಬಿಸಿ ಅಪರಿಚಿತರು ಒಯ್ಯುತ್ತಾರೆ, ಹೆತ್ತವರ ಸಹಿಯೊಡನೆ!

2024ರ ಡಿಸೆಂಬರಿನಲ್ಲಿ ಬಂದ ಫೆಡರಲ್ ಕಾನೂನು ಮುಖ್ಯವಾಗಿ ಅಧ್ಯಯನಕ್ಕೆ ಸೀಮಿತವಾಗಿದೆ. ‘ನಾಲ್ಕು ಜನಕ್ಕೆ ತಿಳಿದರೆ?’ ಎಂಬ ಸಂಕೋಚದಿಂದ ನಮ್ಮವರು ಗುಟ್ಟಾಗಿ, ಯಾರನ್ನೂ ವಿಚಾರಿಸದೆ ನಿರ್ಧರಿಸುವ ಸಂಭವವೇ ಹೆಚ್ಚು. ಸಹಿಗೆ ಮುನ್ನ ಕೇಳಿರಿ: ಮಗುವು ನಮ್ಮೊಡನೆ ಏಕಾಂತದಲ್ಲಿ ಫೋನಿನಲ್ಲಿ ಮಾತನಾಡಬಹುದೆ? ಆಸ್ಪತ್ರೆ ಎಷ್ಟು ದೂರ? ಹೊಟ್ಟೆನೋವೆಂದರೆ ನಂಬುವವರು ಯಾರು?