ಪುಟಿಯದ ಚೆಂಡು

ಗಂಗಾವತಿಯ ಗೆಳೆಯನ ರೂಮಿನಾಗ ಪ್ಲೇಸ್ಟೇಷನ್‌ಗೆ ‘ಎಂಎಲ್‌ಬಿ ದಿ ಶೋ’ ಎಂಬ ಬೇಸ್‌ಬಾಲ್ ಗೇಮ್ ಹಾಕಿದ್ವಿ. ಕ್ರಿಕೆಟ್ ಹುಡುಗ್ರು ನಾವು, ಸಾಲಾಗಿ ಔಟ್! ಚೆಂಡು ಪುಟಿಯಲಿ ಅಂತ ಕಾಯೋದು ನಮ್ಮ ರೂಢಿ. ಬೇಸ್‌ಬಾಲ್‌ನಾಗ ಅದು ಪುಟಿಯೋದೇ ಇಲ್ಲ. 18.44 ಮೀಟರ್ ಆಚೆಯಿಂದ ಬರೋ ವೇಗದ ಎಸೆತ ನೋಡಾಕ ಸಿಗೋದು ಸುಮಾರು 0.4 ಸೆಕೆಂಡು. ಅಷ್ಟರಾಗ ಸ್ಟಿಕ್ ಸರಿಸಿ ಗುರಿ ಹಿಡಿದು ಬಟನ್ ಒತ್ತಬೇಕು.

ಹೀಗಾಗಿ ಇಲ್ಲಿ ನೈಜತೆ ಅಂದ್ರ ಗಾಳಿಯ ಲೆಕ್ಕ. ಚೆಂಡಿನ ಮುಂಭಾಗ ಕೆಳಮುಖವಾಗಿ ತಿರುಗಿದರೆ ಚೆಂಡೂ ಬೇಗ ಕೆಳಗಿಳಿಯುತ್ತದೆ: ಅದೇ ಕರ್ವ್‌ಬಾಲ್. ಇದು ಮ್ಯಾಗ್ನಸ್ ಪರಿಣಾಮ. ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆ ಮುಗಿದ ಮೇಲೆ ಮರೆತದ್ದು.

ಕ್ರಿಕೆಟ್ ಗೇಮ್‌ಗೆ ನೆಲದ ಲೆಕ್ಕಾನೂ ಬೇಕು. ಮಸಾರಿ ನೆಲದಾಗ ಪುಟಿದಂಗ ಎರಿ ಮಣ್ಣಿನಾಗ ಪುಟಿಯೋದಿಲ್ಲ. ಬ್ಯಾಸಿಗ್ಯಾಗ ಬಿರುಕುಬಿಟ್ಟ ಯಲಬುರ್ಗಾದ ಎರಿಹೊಲದಂಥ ಪಿಚ್ಚನ್ನ ನಾನಂತೂ ಯಾವ ಗೇಮ್‌ನಾಗೂ ಕಂಡಿಲ್ಲ ನೋಡ್ರಿ.