ಪ್ರವಾಹ ಮುಳುಗಿಸದ ಊರು

ಇಲಿನಾಯ್ ಎಂದರೆ ನಮ್ಮವರಿಗೆ ಶಿಕಾಗೊ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 600 ಕಿ.ಮೀ. ಇಳಿದರೆ ಆ ರಾಜ್ಯ ಚೂಪಾಗುತ್ತ ಬಂದು ಒಂದು ಮೂತಿಯಲ್ಲಿ ಮುಗಿಯುತ್ತದೆ. ಪಶ್ಚಿಮಕ್ಕೆ ಮಿಸಿಸಿಪ್ಪಿ, ಪೂರ್ವಕ್ಕೆ ಒಹಾಯೊ. ಎರಡು ಮಹಾನದಿಗಳೂ ಕೂಡುವ ಆ ತುದಿಯಲ್ಲಿರುವ ಪಟ್ಟಣಕ್ಕೆ ಇಟ್ಟದ್ದು ಈಜಿಪ್ಟಿನ ರಾಜಧಾನಿಯ ಹೆಸರು. ಊರಿನವರ ಬಾಯಲ್ಲಿ ಮಾತ್ರ ಅದು ಕೇರೊ. ಸುತ್ತಲ ಸೀಮೆಗೂ ‘ಲಿಟ್ಲ್ ಈಜಿಪ್ಟ್’ ಎಂಬ ಅಡ್ಡಹೆಸರಿದೆ. ಊರಿನ ಸುತ್ತ ಮಣ್ಣಿನ ಏರಿ, ಕಾಂಕ್ರೀಟ್ ಗೋಡೆ. ಉತ್ತರದಿಂದ ಬರುವ ಹೆದ್ದಾರಿ ಒಳಹೊಗುವಲ್ಲಿ ಉಕ್ಕಿನ ಭಾರಿ ಬಾಗಿಲೊಂದಿದೆ. ನದಿ ಏರಿದರೆ ಅದನ್ನು ಇಳಿಸಿ ಇಡೀ ಊರಿಗೇ ಅಗುಳಿ ಹಾಕಬಹುದು.

1920ರ ಜನಗಣತಿಯಲ್ಲಿ ಇಲ್ಲಿ 15,203 ಜನರಿದ್ದರು. 2020ರಲ್ಲಿ 1,733. ಇಷ್ಟು ನೀರಿನ ನಡುವೆ ಇರುವ ಊರು ಖಾಲಿಯಾಯಿತು ಎಂದರೆ ಯಾರಾದರೂ ನೆರೆಯನ್ನೇ ದೂರುತ್ತಾರೆ. ಆದರೆ ಕೇರೊವನ್ನು ಖಾಲಿ ಮಾಡಿದ್ದು ನೆರೆಯಲ್ಲ.

ಈ ಊರು ಹುಟ್ಟಿದ್ದೇ ಭೂಪಟ ನೋಡಿದವರ ಆಸೆಯಿಂದ. ಎರಡು ನದಿ ಸೇರುವ ಕಡೆ ಮಹಾನಗರ ಬೆಳೆಯದೆ ಇರುತ್ತದೆಯೇ ಎಂಬ ತರ್ಕ. 1818ರಲ್ಲಿ ಜಾನ್ ಕಾಮೆಗಿಸ್ ಎಂಬ ವ್ಯಾಪಾರಿ ಮೊದಲ ಯತ್ನ ಮಾಡಿದ. ಅವನು ತೀರಿಕೊಂಡ ಮೇಲೆ ಯೋಜನೆಯೂ ತೀರಿಕೊಂಡಿತು. 1837ರಲ್ಲಿ ಡೇರಿಯಸ್ ಹಾಲ್‌ಬ್ರೂಕ್ ಕಂಪನಿ ಕಟ್ಟಿ, ಲಂಡನ್ನಿನಲ್ಲಿ ಬಾಂಡು ಮಾರಿ ಹಣ ತಂದ. ಮೂರು ವರ್ಷಕ್ಕೆ ಅಲ್ಲಿನ ಲೇವಾದೇವಿ ಸಂಸ್ಥೆ ದಿವಾಳಿಯಾಗಿ ಕೆಲಸಗಾರರು ಗಂಟುಮೂಟೆ ಕಟ್ಟಿದರು. 1842ರಲ್ಲಿ ಹಾದುಹೋದ ಚಾರ್ಲ್ಸ್ ಡಿಕನ್ಸ್ ಕಂಡದ್ದು ಕೆಸರು, ಜ್ವರ, ಅರ್ಧ ಕಟ್ಟಿದ ಮನೆಗಳು. ‘ಮಾರ್ಟಿನ್ ಚಝಲ್‌ವಿಟ್’ ಕಾದಂಬರಿಯಲ್ಲಿ ಬರುವ ‘ಈಡನ್’ ಎಂಬ ಮೋಸದ ಊರಿಗೆ ಕೇರೊವೇ ಮೂಲ ಎನ್ನುತ್ತಾರೆ.

ನಿಜವಾದ ಕಳೆ ಬಂದದ್ದು ರೈಲಿನಿಂದ. 1856ರ ಹೊತ್ತಿಗೆ ಇಲಿನಾಯ್ ಸೆಂಟ್ರಲ್ ರೈಲುಮಾರ್ಗ ಇಲ್ಲಿಗೆ ಬಂದು ಮುಟ್ಟಿತ್ತು. ಐದೇ ವರ್ಷಕ್ಕೆ ಅಂತರ್ಯುದ್ಧ. ದಕ್ಷಿಣದ ನದಿಗಳಿಗೆ ಇಳಿಯಲು ಇದಕ್ಕಿಂತ ಒಳ್ಳೆಯ ಬಾಗಿಲಿರಲಿಲ್ಲವಾಗಿ ಉತ್ತರದ ಪಡೆಯ ಜನರಲ್ ಗ್ರಾಂಟ್ ಇಲ್ಲೇ ಠಾಣ್ಯ ಹೂಡಿದ. ಅವನ ಸೈನ್ಯ ದಕ್ಷಿಣಕ್ಕೆ ಇಳಿದಂತೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡ ಸಾವಿರಾರು ಕಪ್ಪು ಜನ ಉತ್ತರಕ್ಕೆ ಬಂದು ಇಲ್ಲಿನ ಶಿಬಿರ ಸೇರಿದರು. ಅನೇಕರು ಇಲ್ಲೇ ನೆಲೆ ನಿಂತರು. ಮಾರ್ಕ್ ಟ್ವೇನನ ಕಾದಂಬರಿಯಲ್ಲಿ ಹಕ್ ಎಂಬ ಹುಡುಗ ಮತ್ತು ಗುಲಾಮಗಿರಿಯಿಂದ ಓಡಿಬಂದ ಜಿಮ್ ತೆಪ್ಪದಲ್ಲಿ ಹುಡುಕಿಕೊಂಡು ಹೊರಟದ್ದೂ ಇದೇ ಕೇರೊವನ್ನು. ಇಲ್ಲಿಂದ ಒಹಾಯೊ ನದಿಯ ಮೇಲ್ಮುಖವಾಗಿ ಹೋದರೆ ಜಿಮ್‌ಗೆ ಬಿಡುಗಡೆ. ಮಂಜಿನಲ್ಲಿ ಅವರಿಗೆ ಊರು ತಪ್ಪಿಹೋಗುತ್ತದೆ. ತಲುಪಿದ್ದರೂ ಏನಾಗುತ್ತಿತ್ತೋ!

1909ರ ನವೆಂಬರ್‌ನಲ್ಲಿ ಬಿಳಿಯ ಯುವತಿಯೊಬ್ಬಳ ಕೊಲೆಯ ಆರೋಪ ಹೊತ್ತಿದ್ದ ವಿಲ್ ಜೇಮ್ಸ್ ಎಂಬ ಕಪ್ಪು ಯುವಕನನ್ನು ಗುಂಪು ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನ ವಶದಿಂದ ಕಸಿದುಕೊಂಡಿತು. ವ್ಯಾಪಾರದ ಬೀದಿಯ ವಿದ್ಯುದ್ದೀಪದ ಕಮಾನಿಗೆ ಅವನನ್ನು ನೇಣು ಹಾಕಿದರು. ನೋಡಲು ಸಾವಿರಾರು ಜನ ಸೇರಿದ್ದರು; ಆ ದೃಶ್ಯದ ಪೋಸ್ಟ್‌ಕಾರ್ಡುಗಳೂ ಅಚ್ಚಾದವು. ರಾಜ್ಯಪಾಲರು ಶೆರಿಫ್‌ನನ್ನು ಕೆಲಸದಿಂದ ತೆಗೆದರು. ಅವನನ್ನು ಮತ್ತೆ ನೇಮಿಸಬಾರದೆಂದು ಪತ್ರಕರ್ತೆ ಐಡಾ ಬಿ. ವೆಲ್ಸ್ ಕೇರೊಗೆ ಬಂದು ಸಾಕ್ಷ್ಯ ಕಲೆಹಾಕಿ ವಾದಿಸಿ ಗೆದ್ದರು.

ಊರಿನ ಅವನತಿಗೆ ಸೇತುವೆಗಳನ್ನು ದೂರುವುದು ವಾಡಿಕೆ. 1889ರಲ್ಲಿ ಒಹಾಯೊ ಮೇಲೆ ರೈಲು ಸೇತುವೆ ಆಯಿತು, ಬೋಗಿಗಳನ್ನು ದಾಟಿಸುತ್ತಿದ್ದ ದೋಣಿಗಳ ಕೆಲಸ ಹೋಯಿತು, ನಿಜ. ಆದರೆ ಆಮೇಲೂ ಮೂವತ್ತು ವರ್ಷ ಜನಸಂಖ್ಯೆ ಏರುತ್ತಲೇ ಇತ್ತು. ಊರನ್ನು ಬಳಸಿ ಹೋಗುವ ಇಂಟರ್‌ಸ್ಟೇಟ್ ಹೆದ್ದಾರಿಯ ಸೇತುವೆ ಆದದ್ದು 1978ರಲ್ಲಿ. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. 1960ರಲ್ಲಿ 9,348 ಇದ್ದ ಜನ 1970ಕ್ಕೆ 6,277ಕ್ಕೆ ಇಳಿದಿದ್ದರು. ಹತ್ತು ವರ್ಷದಲ್ಲಿ ಮೂರನೇ ಒಂದು ಪಾಲು!

ಆ ಹತ್ತು ವರ್ಷದಲ್ಲಿ ನಡೆದದ್ದು ಇದು. ಊರಿನ ಈಜುಕೊಳ ಬಿಳಿಯರಿಗೆ ಮಾತ್ರ, ಅದೊಂದು ಖಾಸಗಿ ಕ್ಲಬ್ ಎಂಬ ನೆಪ. 1962ರಲ್ಲಿ ಕಪ್ಪು ವಿದ್ಯಾರ್ಥಿಗಳು ಅದರೆದುರು ಪ್ರತಿಭಟಿಸಿದರು. ಮುಂದೆ ಸಂಸದರಾದ ಜಾನ್ ಲೂಯಿಸ್ ಮಂಡಿಯೂರಿ ಪ್ರಾರ್ಥಿಸುತ್ತಿರುವ ಪ್ರಸಿದ್ಧ ಚಿತ್ರ ಅಲ್ಲಿನದೇ. ಮರುವರ್ಷ ಕೊಳವನ್ನೇ ಮುಚ್ಚಿದರು. ಕಪ್ಪು ಮಕ್ಕಳೊಂದಿಗೆ ಈಜುವುದಕ್ಕಿಂತ ತಮ್ಮ ಮಕ್ಕಳೂ ಈಜದಿದ್ದರೆ ಸರಿ ಎಂಬ ಹಟ. 1967ರಲ್ಲಿ ರಾಬರ್ಟ್ ಹಂಟ್ ಎಂಬ 19 ವರ್ಷದ ಕಪ್ಪು ಸೈನಿಕ ಪೊಲೀಸ್ ಠಾಣೆಯಲ್ಲಿ ನೇಣು ಬಿಗಿದ ಸ್ಥಿತಿಯಲ್ಲಿ ಸಿಕ್ಕ. ಆತ್ಮಹತ್ಯೆ ಎಂದರು ಪೊಲೀಸರು. ಅವನ ಜನ ನಂಬಲಿಲ್ಲ. ಊರು ಹೊತ್ತಿ ಉರಿಯಿತು. ಬಿಳಿಯರು ‘ವೈಟ್ ಹ್ಯಾಟ್ಸ್’ ಎಂಬ ಶಸ್ತ್ರಧಾರಿ ಪಡೆ ಕಟ್ಟಿಕೊಂಡರು. 1969ರಲ್ಲಿ ಚಾರ್ಲ್ಸ್ ಕೋಯೆನ್ ನೇತೃತ್ವದ ‘ಯುನೈಟೆಡ್ ಫ್ರಂಟ್’ ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿತು: ನಮ್ಮ ದುಡ್ಡು ಬೇಕಾದರೆ ನಮಗೂ ಕೆಲಸ ಕೊಡಿ. ಬಹಿಷ್ಕಾರ ವರ್ಷಗಟ್ಟಲೆ ನಡೆಯಿತು. ಕಪ್ಪು ಜನರನ್ನು ಕೆಲಸಕ್ಕೆ ಸೇರಿಸುವ ಬದಲು ಎಷ್ಟೋ ಮಾಲೀಕರು ಅಂಗಡಿಗೇ ಬೀಗ ಹಾಕಿ ಊರು ಬಿಟ್ಟರು. ಮೂಗು ಕೊಯ್ದುಕೊಂಡು ಅಪಶಕುನ ಮಾಡುವುದೆಂದರೆ ಇದೇ.

ನೀರು ಮಾತ್ರ ಸೋಲುತ್ತಲೇ ಬಂದಿದೆ. 2011ರ ಮೇ 2ರ ರಾತ್ರಿ, ಉಕ್ಕಿದ ನೆರೆಯ ಒತ್ತಡ ಇಳಿಸಲೆಂದು ಸೈನ್ಯದ ಎಂಜಿನಿಯರುಗಳು ನದಿಯಾಚೆ ಮಿಸೌರಿಯ ಏರಿಯನ್ನು ಸಿಡಿಸಿ 1,30,000 ಎಕರೆ ಹೊಲಕ್ಕೆ ನೀರು ಬಿಟ್ಟರು. ಕೇರೊ ಉಳಿಯಿತು. ಹೊಲಕ್ಕಿಂತ ಆ ಊರು ಮುಳುಗಿದರೇ ಮೇಲು ಎಂದಿದ್ದ ಮಿಸೌರಿ ವಿಧಾನಸಭೆಯ ಸ್ಪೀಕರ್ ಆಮೇಲೆ ಕ್ಷಮೆ ಕೇಳಬೇಕಾಯಿತು.

ಉಳಿದವರಲ್ಲಿ ಈಗ ಕಪ್ಪು ಜನರೇ ಹೆಚ್ಚು. ಆಸ್ಪತ್ರೆ 1986ರಲ್ಲೇ ಮುಚ್ಚಿದೆ. 2017ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳೆರಡನ್ನು ವಾಸಯೋಗ್ಯವಲ್ಲವೆಂದು ಕೆಡವಲು ನಿರ್ಧರಿಸಿದಾಗ ಸುಮಾರು 400 ಜನ ಗಂಟು ಕಟ್ಟಬೇಕಾಯಿತು. ನದಿ ಬಂದರು ಕಟ್ಟಲು 2020ರಲ್ಲಿ ಇಲಿನಾಯ್ ಸರ್ಕಾರ 4 ಕೋಟಿ ಡಾಲರ್ ಘೋಷಿಸಿದೆ. ಎರಡು ನದಿ ಕೂಡುವ ಜಾಗ ಎಂಬುದೇ ಈಗಲೂ ಅದರ ಪರ ವಾದ. ಜಾಗದ ಬಗ್ಗೆ ಹಾಲ್‌ಬ್ರೂಕ್ ಹೇಳಿದ್ದೂ ಸುಳ್ಳಾಗಿರಲಿಲ್ಲ. ಬಂದರು ಎದ್ದರೆ ಅಲ್ಲಿ ಕೆಲಸ ಯಾರಿಗೆ ಸಿಗುತ್ತದೆ ಎಂಬುದನ್ನು ನೋಡಬೇಕು.